‘ಸಾರ್ವಜನಿಕರು’ ಎಂದರೆ ಯಾರು?

ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಟೆಂಡರು ಮತ್ತು ಹರಾಜು ಪ್ರಕಟಣೆಗಳ ನಡುವೆ ಇರುಕಿಕೊಂಡು, ಆಗಾಗ ಒಂದು ಸಣ್ಣ ಜಾಹೀರಾತು ಬರುವುದುಂಟು. ಇಂತಿಂಥ ಗ್ರಾಮದ ಇಂತಿಂಥ ಸರ್ವೆ ನಂಬ್ರದ ಇಷ್ಟು ಎಕರೆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಉದ್ದೇಶಿಸಲಾಗಿದೆ. ಸಾರ್ವಜನಿಕರಿಗೆ ಆಕ್ಷೇಪಣೆ ಇದ್ದಲ್ಲಿ ಇಷ್ಟು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಆಕ್ಷೇಪಣೆ ಇಲ್ಲವೆಂದು ಭಾವಿಸಿ ಮುಂದುವರಿಯಲಾಗುವುದು. ಇಷ್ಟೇ ಒಕ್ಕಣೆ. ಇದನ್ನು ಗಮನವಿಟ್ಟು ಓದುವವರು ಇಬ್ಬರೇ: ಆ ಜಮೀನಿನ ಧಣಿ ಮತ್ತು ಅದನ್ನು ಕೊಂಡು ತುಂಡು ಮಾಡಿ ಮಾರಲು ಹೊರಟ ವ್ಯಾಪಾರಿ. ಮಿಕ್ಕ ನಮಗೆಲ್ಲ ಆ ಕಾಗದ ಕೈಗೆ ಬರುವುದು ಮಾರನೆಯ ದಿನ, ಕಡಲೆ ಕಟ್ಟಿದ ಪೊಟ್ಟಣವಾಗಿ.

ಬೆಳುವಾಯಿಯ ಮಟ್ಟಿಗೆ ಈ ಮಾತನ್ನು ಈಗ ಆಡದೆ ವಿಧಿಯಿಲ್ಲ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹಾದಿಯ ಈ ಊರು 169ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಬಿಕರ್ನಕಟ್ಟೆಯಿಂದ ಸಾಣೂರಿನ ತನಕ ಆ ಹೆದ್ದಾರಿಯನ್ನು ಚತುಷ್ಪಥ ಮಾಡಲು ಕೈಹಾಕಿದಂದಿನಿಂದ ರಸ್ತೆಯ ಎರಡೂ ಮಗ್ಗುಲಿನ ನೆಲದ ಗುಣವೇ ಬದಲಾಗಿದೆ. 2018ರಲ್ಲಿ ಮೂಡುಬಿದಿರೆ ಪ್ರತ್ಯೇಕ ತಾಲೂಕಾಯಿತು, ಕಾಲೇಜುಗಳು ಬೆಳೆದಿವೆ, ಪೇಟೆ ತನ್ನ ಮೈಯನ್ನು ಹಳ್ಳಿಗಳ ಮೇಲೆ ಚಾಚುತ್ತಿದೆ. ಹಡಿಲು ಬಿದ್ದ ಗದ್ದೆಯ ಅಂಚಿನಲ್ಲಿ ‘ಸೈಟುಗಳು ಮಾರಾಟಕ್ಕಿವೆ’ ಎಂಬ ಹಲಗೆ ಎದ್ದು ನಿಲ್ಲುವುದು ಈಗ ಯಾರಿಗೂ ಸೋಜಿಗವಲ್ಲ. ಆ ಸೈಟುಗಳನ್ನು ಕೊಳ್ಳುವವರು ಯಾರು? ಬೀಡಿ ಕಟ್ಟುವ ಹೆಂಗಸೆ? ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಬೀಜ ಒಡೆದು ಕೈ ಕಪ್ಪಾದವಳೆ? ಅಕ್ಕಿ ಗಿರಣಿಯ ಹಮಾಲನೆ? ಹೆದ್ದಾರಿಯ ಬದಿಯಲ್ಲಿ ಬಾಡಿಗೆಯ ಕೋಣೆ ಹಿಡಿದು ಬೆಲ್ಲ, ಬೆಂಕಿಪೆಟ್ಟಿಗೆ ಮಾರುವವನೆ? ಸೆಂಟ್ಸಿಗೆ ಇಷ್ಟು ಎಂದು ಅವರು ಕೇಳುವ ಕ್ರಯವನ್ನು ಕೇಳಿದರೆ ಇವರಲ್ಲಿ ಯಾರೂ ಎರಡನೆಯ ಮಾತೆತ್ತಲಾರರು.

ಹೊಸ ಮನೆಗಳು ಬರಬಾರದೆಂದು ನಾವು ಹೇಳುವವರಲ್ಲ. ಮನೆ ಬೇಕು, ಬಹಳ ಬೇಕು. ಆದರೆ ಯಾರಿಗೆ, ಎಲ್ಲಿ, ಯಾವ ನೀರನ್ನು ನಂಬಿ ಎಂಬುದನ್ನು ತೀರ್ಮಾನಿಸುವ ಹೊತ್ತಿನಲ್ಲಿ ಸರಕಾರ ‘ಸಾರ್ವಜನಿಕರೆ, ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದಾಗ ಉತ್ತರ ಕೊಡುತ್ತಿರುವವರು ನೆಲವುಳ್ಳವರು ಮಾತ್ರ. ನೆಲವಿಲ್ಲದವನು ಇದು ತನಗೆ ಸಂಬಂಧಿಸಿದ ವಿಷಯವೆಂದೇ ತಿಳಿದಿಲ್ಲ. ‘ನನಗೆ ಜಾಗವೇ ಇಲ್ಲ, ನಾನು ಯಾವುದರ ಆಕ್ಷೇಪಣೆ ಬರೆಯಲಿ?’ ಎನ್ನುತ್ತಾನೆ. ಹೀಗೆ ಅವನು ತಿಳಿಯುವಂತೆ ಮಾಡಿದ ದೋಷ ಅವನದಲ್ಲ; ಅರ್ಧ ದೋಷ ಕಾಯಿದೆಯದು, ಅರ್ಧ ಕಚೇರಿಯದು.

ಕಾಯಿದೆಗಳ ಮಾತು ಎತ್ತಿದೆವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಒಂದು ಪ್ರದೇಶದ ಮಹಾಯೋಜನೆ ತಯಾರಾದಾಗ ಅದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಅದೇ ಕಾಯಿದೆಯ 14ಎ ಕಲಮಿನ ಪ್ರಕಾರ, ಯೋಜನೆಯಲ್ಲಿ ಗುರುತಿಸಿದ ಭೂಮಿಯ ಉಪಯೋಗವನ್ನು ಬದಲಿಸಬೇಕಾದರೆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು ಮತ್ತು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ನಾವು ಮೊದಲು ಹೇಳಿದ ಪೊಟ್ಟಣದ ಕಾಗದ ಇದೇ. ಇಲ್ಲಿರುವ ಶಬ್ದ ‘ಸಾರ್ವಜನಿಕರು’ ಎಂದು. ಜಮೀನುದಾರರು ಎಂದಲ್ಲ, ತೆರಿಗೆದಾರರು ಎಂದಲ್ಲ. ಇನ್ನು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯನ್ನು ನೋಡಿ. ಬಡಾವಣೆಗಾಗಿ ಜಮೀನು ತೆಗೆದುಕೊಳ್ಳುವಾಗ ಯಾರ ಹೆಸರು ತೆರಿಗೆ ಪಟ್ಟಿಯಲ್ಲಿ ಅಥವಾ ಕಂದಾಯದ ಪುಸ್ತಕದಲ್ಲಿ ಇದೆಯೋ ಅವರಿಗೆ ನೋಟೀಸು, ಅವರಿಗೆ ಮೂವತ್ತು ದಿನಗಳ ವಾಯಿದೆ. ಆ ಜಮೀನಿನಲ್ಲಿ ಮೂವತ್ತು ವರ್ಷ ಕೂಲಿ ಮಾಡಿದವನಿಗೆ ನೋಟೀಸೂ ಇಲ್ಲ, ವಾಯಿದೆಯೂ ಇಲ್ಲ.

ಪುಸ್ತಕದಲ್ಲಿ ಹೆಸರಿದ್ದವರ ಪಾಡಾದರೂ ಏನಾಯಿತು? ನಮ್ಮ ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ಬಾಳಿದ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತ ಶಿವರಾಮ ಕಾರಂತರ ಹೆಸರನ್ನು ಬೆಂಗಳೂರಿನ ಉತ್ತರದ ಒಂದು ದೊಡ್ಡ ಬಡಾವಣೆಗೆ ಇಟ್ಟಿದ್ದಾರೆ. ಹದಿನೇಳು ಹಳ್ಳಿಗಳ 3,546 ಎಕರೆ ನೆಲ. ಮೊದಲ ಅಧಿಸೂಚನೆ ಹೊರಟದ್ದು 2008ರ ಡಿಸೆಂಬರಿನಲ್ಲಿ, ಅಂತಿಮ ಅಧಿಸೂಚನೆ 2018ರ ಅಕ್ಟೋಬರಿನಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಜನ ಜಾಗ ಕೊಂಡರು, ಸಾಲ ಮಾಡಿ ಮನೆ ಕಟ್ಟಿದರು. ಕೋರ್ಟಿನಿಂದ ಕೋರ್ಟಿಗೆ ಹೋದ ಪ್ರಕರಣದಲ್ಲಿ ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯೊಂದನ್ನು ನೇಮಿಸಿ, ಮನೆ ಕಟ್ಟಿದವರ ದಾಖಲೆಗಳನ್ನು ಒಂದೊಂದಾಗಿ ನೋಡಿ ವರದಿ ಮಾಡಲು ಹೇಳಬೇಕಾಯಿತು. ಮೂವತ್ತು ದಿನದಲ್ಲಿ ಮುಗಿಯಬೇಕಾದ ಅಹವಾಲು ಹನ್ನೆರಡು ವರ್ಷಕ್ಕೆ ಮತ್ತೆ ಬಾಯಿ ತೆರೆಯಿತು. ಕಾರಂತರು ಬದುಕಿದ್ದರೆ ತಮ್ಮ ಹೆಸರಿನ ಬಡಾವಣೆಯ ಬಗ್ಗೆ ಏನು ಬರೆಯುತ್ತಿದ್ದರೋ!

ಬಿಡದಿಯ ಬಳಿಯ ಉಪನಗರದ ಕತೆ ಇದಕ್ಕಿಂತಲೂ ಹಳೆಯದು. 2006ರ ಸುಮಾರಿಗೆ ಮೊದಲು ಎದ್ದ ಆ ಯೋಜನೆ ಹಲವು ಸಲ ಮಲಗಿ, 2025ರಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ಎಕರೆಗೆ ಅಧಿಸೂಚನೆಯಾಗಿ ಮತ್ತೆ ಎದ್ದಿತು. ಬೈರಮಂಗಲ, ಕಂಚುಗಾರನಹಳ್ಳಿಯ ಕಡೆಯ ರೈತರಲ್ಲಿ ಕೆಲವರು ನೆಲ ಕೊಡೆವು ಎಂದು ಧರಣಿ ಕೂತರು. ಇನ್ನು ಕೆಲವರು, ವರ್ಷಗಟ್ಟಲೆ ಮಾರಲೂ ಆಗದೆ ಕಟ್ಟಲೂ ಆಗದೆ ಬೇಸತ್ತವರು, ಒಳ್ಳೆಯ ಪರಿಹಾರ ಕೊಟ್ಟರೆ ಸಾಕೆಂದರು. ಎರಡೂ ಪಕ್ಷದ ಮಾತಿಗೆ ತೂಕವಿದೆ ಎಂದೇ ನಾವು ಹೇಳುತ್ತೇವೆ. ಆದರೆ ಅಲ್ಲಿಯೂ ಪರಿಹಾರದ ಚರ್ಚೆ ಎಕರೆಗೆ ಎಷ್ಟು ಎಂಬುದರ ಸುತ್ತಲೇ ತಿರುಗಿತು. ಆ ತೋಟಗಳಲ್ಲಿ ಕಾಯಿ ಕೀಳುವವರ, ಹಸು ಕಟ್ಟಿ ಹಾಲು ಮಾರುವ ಗೇಣುದ್ದ ನೆಲವೂ ಇಲ್ಲದವರ ಲೆಕ್ಕ ಎಕರೆಯಲ್ಲಿ ಬರುವುದಿಲ್ಲವಷ್ಟೆ.

ಇವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಾಯಿದೆ ಇಲ್ಲವೆ? ಇದೆ. 2013ರಲ್ಲಿ ಪಾರ್ಲಿಮೆಂಟು ಮಾಡಿದ ಭೂಸ್ವಾಧೀನ ಕಾಯಿದೆ ‘ಬಾಧಿತ ಕುಟುಂಬ’ ಎಂಬ ಮಾತಿಗೆ ಕೊಟ್ಟ ಅರ್ಥದಲ್ಲಿ ಜಮೀನಿನ ಒಡೆಯನ ಜತೆಗೆ, ಮೂರು ವರ್ಷಗಳಿಂದ ಆ ಪ್ರದೇಶದಲ್ಲಿ ದುಡಿದು ಬದುಕಿದ ಕೃಷಿ ಕೂಲಿಗಾರ, ಗೇಣಿದಾರ, ಕುಶಲಕರ್ಮಿ ಇವರೂ ಸೇರುತ್ತಾರೆ. ಜಮೀನು ತೆಗೆದುಕೊಳ್ಳುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು, ಊರಿನಲ್ಲಿ ಬಹಿರಂಗ ವಿಚಾರಣೆ ಆಗಬೇಕು ಎಂದೂ ಅದು ವಿಧಿಸಿತು. ಒಳ್ಳೆಯದೇ ಆಯಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ 2019ರಲ್ಲಿ ಕರ್ನಾಟಕ ಸರಕಾರ ತನ್ನದೊಂದು ತಿದ್ದುಪಡಿಯಿಂದ ಕೆಲವು ಬಗೆಯ ಯೋಜನೆಗಳಿಗೆ ಆ ಅಧ್ಯಯನದಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಇಟ್ಟುಕೊಂಡಿತು. ಆ ಬಗೆಗಳಲ್ಲಿ ಒಂದು ಯಾವುದು ಗೊತ್ತೆ? ಬಡವರ ವಸತಿ! ಬಡವರಿಗೆ ಮನೆ ಕಟ್ಟುವ ಹೆಸರಿನಲ್ಲಿಯೇ ಬಡವರನ್ನು ಕೇಳುವ ಏರ್ಪಾಡನ್ನು ಕೈಬಿಡಬಹುದಾದ ಈ ಜಾಣತನವನ್ನು ಯಾವ ಕಾರಕೂನ ಕಂಡುಹಿಡಿದನೋ ತಿಳಿಯದು.

ಕೇಳದೆ ಕಟ್ಟಿದ ಊರುಗಳನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. 1960ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರಿಗಾಗಿ ಕಡಲ ತಡಿಯ ಜನರನ್ನು ಎಬ್ಬಿಸಿ ಒಳಗಿನ ಗುಡ್ಡೆಗಳಲ್ಲಿ ಕಾಟಿಪಳ್ಳ, ಕೃಷ್ಣಾಪುರ ಎಂಬ ಕಾಲನಿಗಳನ್ನು ಮಾಡಿ ಕೂರಿಸಿದರು. ಬಂದರು 1974ರಲ್ಲಿ ದೇಶದ ಮಹಾಬಂದರುಗಳ ಸಾಲಿಗೆ ಸೇರಿತು. ಅದರಿಂದ ಜಿಲ್ಲೆಗೆ ಆದ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಲನಿಗಳಿಗೆ ಊರಿನ ಹೆಸರು ಸಹ ಇಡಲಿಲ್ಲ, ನಂಬ್ರ ಕೊಟ್ಟರು. ಇಂದಿಗೂ ಅಲ್ಲಿಯವರು ತಮ್ಮ ಮನೆಯ ಗುರುತು ಹೇಳುವುದು ಎರಡನೆಯ ಬ್ಲಾಕು, ಏಳನೆಯ ಬ್ಲಾಕು ಎಂದೇ. ಹೊಳೆಬದಿಯ, ಕಡಲಬದಿಯ ಕಸುಬಿನವನನ್ನು ಗುಡ್ಡೆಯ ಮೇಲೆ ಕೂರಿಸಿದರೆ ಅವನು ಹೊಟ್ಟೆಗೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಜಾಗವಿರಲಿಲ್ಲ.

ಇಷ್ಟು ಹೊತ್ತು ಸರಕಾರವನ್ನು ಬೈದೆವು. ಇನ್ನು ನಮ್ಮವರಿಗೂ ನಾಲ್ಕು ಮಾತು ಹೇಳಬೇಕು. ಕೇಳಿ ಸಿಟ್ಟು ಬಂದರೆ ಬರಲಿ.

ಖಾಸಗಿಯವರು ಎಕರೆಗಟ್ಟಲೆ ಗುಡ್ಡೆ ಕಡಿದು ಸೈಟು ಮಾಡುವಾಗ ಸುಮ್ಮನಿರುವ ನಾವು, ಪಂಚಾಯತು ಹತ್ತು ಮಂದಿ ನಿವೇಶನವಿಲ್ಲದವರಿಗೆ ಐದು ಸೆಂಟ್ಸಿನಂತೆ ಜಾಗ ಗುರುತಿಸಿತು ಎಂದೊಡನೆ ಎಚ್ಚೆತ್ತುಕೊಳ್ಳುತ್ತೇವೆ. ಸಹಿ ಸಂಗ್ರಹವಾಗುತ್ತದೆ. ‘ಇಲ್ಲಿ ನೀರು ಸಾಲದು’, ‘ಇದು ನಮ್ಮ ಕುಮ್ಕಿ’, ‘ದನ ಮೇಯುವ ಜಾಗ’ ಎಂದು ಅರ್ಜಿ ಹೋಗುತ್ತದೆ. ನಿಜವಾದ ಕಾರಣವನ್ನು ಯಾರೂ ಬರೆಯುವುದಿಲ್ಲ; ‘ನಮ್ಮ ಪಕ್ಕ ಕಾಲನಿ ಬೇಡ’ ಎಂಬುದು ಆ ಕಾರಣ. ಕುಮ್ಕಿ ಎಂದರೆ ವರ್ಗ ಜಮೀನಿನ ಸುತ್ತಲಿನ ಸರಕಾರಿ ನೆಲದಿಂದ ಸೊಪ್ಪು ಸೌದೆ ತರಲು, ದನ ಮೇಯಿಸಲು ಇರುವ ಸವಲತ್ತು. 1964ರ ಭೂಕಂದಾಯ ಕಾಯಿದೆಯೂ ಅದನ್ನು ಸವಲತ್ತಾಗಿಯೇ ಉಳಿಸಿತು, ಹಕ್ಕುಪತ್ರವಾಗಿ ಕೊಡಲಿಲ್ಲ. ಆದರೂ ಅದೆಷ್ಟೋ ಕಡೆ ಸವಲತ್ತಿನ ನೆಲ ಬೇಲಿಯೊಳಗೆ ಸೇರಿ ರಬ್ಬರು ತೋಟವಾಗಿದೆ. ಡಿ.ಸಿ. ಮನ್ನಾ ಜಮೀನಿನ ಕತೆಯೂ ಇದೇ ಜಾತಿಯದು. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ಕಾದಿರಿಸಿದ ಆ ನೆಲವನ್ನು ಅಳೆದು ತಮಗೆ ಹಂಚಿರೆಂದು ಈ ಜಿಲ್ಲೆಯ ದಲಿತರು ವರ್ಷವರ್ಷವೂ ಜಿಲ್ಲಾಧಿಕಾರಿಯ ಸಭೆಗಳಲ್ಲಿ ಕೇಳುತ್ತ ಬಂದಿದ್ದಾರೆ. ಅವರ ಅಹವಾಲಿಗೆ ಸಹಿ ಹಾಕಿದ ಪೇಟೆಯ ಅಂಗಡಿಕಾರರು ಎಷ್ಟು ಮಂದಿ ಇದ್ದಾರೆ? ಅಂಗಡಿಕಾರರೆ, ಆ ಕಾಲನಿಯಲ್ಲಿ ಮನೆಯಾದರೆ ಸಾಯಂಕಾಲ ನಿಮ್ಮ ಅಂಗಡಿಗೆ ಅಕ್ಕಿ, ಮೀನಿಗೆ ಹುಳಿ ಮೆಣಸು ಕೊಳ್ಳಲು ಬರುವವರು ಅವರೇ. ಗುಡ್ಡೆಯ ಮೇಲಿನ ದೊಡ್ಡ ಬಂಗಲೆಯವರು ಮಂಗಳೂರಿನ ಮಾಲಿನಿಂದ ತಿಂಗಳ ಸಾಮಾನು ಕಾರಿನಲ್ಲಿ ತರುತ್ತಾರೆ.

ಜಾಗವಿಲ್ಲದವನಿಗೆ ಮನೆಯ ಸಹಾಯಧನವೂ ದಕ್ಕುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬೀಡಿ ಕಾರ್ಮಿಕರಿಗೆಂದು ಕೇಂದ್ರ ಸರಕಾರ 2016ರಲ್ಲಿ ಪರಿಷ್ಕರಿಸಿದ ವಸತಿ ಯೋಜನೆಯಲ್ಲಿ ಒಂದೂವರೆ ಲಕ್ಷ ರೂಪಾಯಿಯ ನೆರವಿತ್ತು. ಆದರೆ ನಿವೇಶನ ತನ್ನ ಅಥವಾ ಮನೆಯವರ ಹೆಸರಿನಲ್ಲಿ ಇರಬೇಕಿತ್ತು. ಮೂರು ಸೆಂಟ್ಸೂ ಇಲ್ಲದೆ ಬಾಡಿಗೆ ಮನೆಯಲ್ಲಿ ಕೂತು ಎಲೆ ಕತ್ತರಿಸುವವಳಿಗೆ ಆ ಒಂದೂವರೆ ಲಕ್ಷ ಆಕಾಶದ ಚಂದ್ರನಂತೆ ಕಾಣುತ್ತಿತ್ತು, ಅಷ್ಟೆ. ಇನ್ನು ಐದು ಸೆಂಟ್ಸು ಹೇಗೋ ಸಂಪಾದಿಸಿದವನು 9/11ರ ನಮೂನೆಗಾಗಿ ಅಲೆದಾಡುತ್ತಾನೆ. (9/11 ಎಂದರೆ ಲೋಕಕ್ಕೆಲ್ಲ ನ್ಯೂಯಾರ್ಕಿನ ನೆನಪು, ನಮ್ಮ ಜಿಲ್ಲೆಯವರಿಗೆ ಪಂಚಾಯತು ಕಚೇರಿಯ ನೆನಪು.)

ಆಕ್ಷೇಪಣೆ ಬರೆದರೆ ಏನಾಗುತ್ತದೆ, ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ ಎನ್ನುವವರಿದ್ದಾರೆ. ಅವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಆದರೂ ಬೆಂಗಳೂರಿನ ಎರಡು ಪ್ರಕರಣಗಳನ್ನು ಅವರ ಮುಂದೆ ಇಡುತ್ತೇವೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ‘ಇದರಿಂದ ನಿಮ್ಮ ಸ್ವಂತದ್ದೇನು ಹೋಯಿತು? ಕೇಳಲು ನೀವು ಯಾರು?’ ಎಂಬ ವಾದ ಎದುರಾಯಿತು. 1991ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ, ಆ ಪ್ರದೇಶದಲ್ಲಿ ಬಾಳುವವರಿಗೆ ಕೇಳುವ ಅಧಿಕಾರ ಉಂಟೆಂದು ಒಪ್ಪಿ, ಉದ್ಯಾನವನ್ನು ಉದ್ಯಾನವಾಗಿಯೇ ಉಳಿಸಿತು. ಆ ಮೇಲೆ 2006ರಲ್ಲಿ, ಜಯನಗರದ ವಸತಿ ನಿವೇಶನವೊಂದರ ಉಪಯೋಗವನ್ನು ವಾಣಿಜ್ಯಕ್ಕೆ ಬದಲಿಸಿ ಹೋಟೆಲಿಗೆ ದಾರಿ ಮಾಡಿಕೊಟ್ಟದ್ದನ್ನು, ನಾವು ಮೇಲೆ ಹೇಳಿದ 14ಎ ಕಲಮಿನಂತೆ ನಡೆದಿಲ್ಲವೆಂದು ಅದೇ ಕೋರ್ಟು ತಪ್ಪೆಂದಿತು. ಆ ನೆರೆಹೊರೆಯವರು ಮೊದಲು ಬರೆದು ಕೊಟ್ಟಿದ್ದ ಕಾಗದವೇ ಅವರ ಕೈಯ ಆಯುಧವಾಯಿತು. ಅವರು ಪೇಟೆಯ ಅನುಕೂಲಸ್ಥರು, ವಕೀಲರನ್ನು ಇಡಬಲ್ಲವರು ಎಂಬುದು ನಮಗೂ ಗೊತ್ತು. ಆದರೆ ಅವರು ತೆರೆದ ಬಾಗಿಲು ಅವರೊಬ್ಬರಿಗೇ ತೆರೆದದ್ದಲ್ಲ.

ಅಲ್ಲದೆ, ಕಾಗದದ ಬೆಲೆಯನ್ನು ದಕ್ಷಿಣ ಕನ್ನಡದವರಿಗೆ ಹೊರಗಿನವರು ಬಂದು ಕಲಿಸಬೇಕೆ? 1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿ ಒಕ್ಕಲುಗಳು ಕೊಟ್ಟದ್ದು ಏಳನೆಯ ನಮೂನೆಯ ಒಂದು ಅರ್ಜಿ. ‘ಡಿಕ್ಲರೇಶನ್’ ಎಂಬ ಇಂಗ್ಲಿಷ್ ಮಾತು ತುಳು ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಯ ಬಾಯಲ್ಲೂ ಹರಿದಾಡಿತು. ಭೂನ್ಯಾಯಮಂಡಳಿಯ ಮುಂದೆ ನಿಂತು ‘ಈ ಗದ್ದೆ ನಾನು ಉತ್ತದ್ದು’ ಎಂದವನು ಒಡೆಯನಾದ. ಧಣಿಗಳ ಮುಖ ಹೇಗೆ ನೋಡಲಿ ಎಂಬ ದಾಕ್ಷಿಣ್ಯದಿಂದ, ಎಬ್ಬಿಸಿಯಾರು ಎಂಬ ಭಯದಿಂದ, ಅರ್ಜಿ ಕೊಡದೆ ಕೂತವನಿಗೆ 1979ರ ಜೂನ್ 30ಕ್ಕೆ ವಾಯಿದೆ ಮುಗಿಯಿತು. ಒಂದೇ ಬೈಲಿನ ಎರಡು ಮನೆಗಳಲ್ಲಿ ಒಂದು ಮನೆಯ ಮೊಮ್ಮಕ್ಕಳಿಗೆ ಇಂದು ತೋಟವಿದೆ, ಇನ್ನೊಂದು ಮನೆಯವರು ಬಾಡಿಗೆಗೆ ಇದ್ದಾರೆ ಎಂದರೆ, ಎಷ್ಟೋ ಕಡೆ ಅದರ ಮೂಲ ಆ ಒಂದು ಕಾಗದದಲ್ಲಿದೆ.

ಹಾಗಾದರೆ ಈಗ ಏನು ಬರೆಯಬೇಕು? ‘ವಿರೋಧವಿದೆ’ ಎಂದು ಒಂದು ಸಾಲು ಬರೆದು ಐನೂರು ಸಹಿ ಹಾಕಿದರೆ ಅಧಿಕಾರಿ ಅದನ್ನು ಒಂದೇ ಆಕ್ಷೇಪಣೆ ಎಂದು ಎಣಿಸಿ ಬದಿಗಿಡುತ್ತಾನೆ. ಕಂಡದ್ದನ್ನು ಬರೆಯಬೇಕು. ನಮ್ಮ ಹಿರಿಯರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ಸುಮ್ಮನೆ ಅಲ್ಲ. ಮಳೆನೀರು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಅದು. ಮೂಡುಬಿದಿರೆಗೆ ಹದಿನೆಂಟು ಬಸದಿಗಳ ಜತೆಗೆ ಹದಿನೆಂಟು ಕೆರೆಗಳನ್ನೂ ಹೇಳುವ ರೂಢಿ ಇದೆಯಲ್ಲ, ಪೇಟೆ ಕಟ್ಟಿದವರಿಗೆ ನೀರಿನ ನೆನಪಿತ್ತು. ಈಗಿನ ಬಡಾವಣೆಯವರು ಬೆಟ್ಟನ್ನು ಕಡಿದು ಆ ಮಣ್ಣನ್ನೇ ಬೈಲಿಗೆ ತುಂಬಿಸುತ್ತಾರೆ, ತೋಡು ಮುಚ್ಚುತ್ತದೆ. ಮೊದಲ ಮಳೆಗೆ ಕೆಳಗಿನವನ ಅಂಗಳದಲ್ಲಿ ಕೆಸರು, ಎಪ್ರಿಲಿಗೆ ಅವನ ಬಾವಿಯಲ್ಲಿ ಬರೀ ಪಾದೆ. ಕಡಿದ ಗುಡ್ಡೆಯ ಬುಡದಲ್ಲಿ ಮನೆ ಇರುವುದು ಎಂಥ ಅಪಾಯ ಎಂಬುದನ್ನು 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಒಂದೇ ಮನೆಯ ಮೂವರು ಸತ್ತಾಗ ಜಿಲ್ಲೆಯೇ ಕಂಡಿತು. ಆದುದರಿಂದ ಯಾವ ತೋಡು, ಯಾವ ಬಾವಿ, ಯಾವ ದರೆ ಎಂದು ಹೆಸರು ಹಿಡಿದು ಬರೆಯಿರಿ. ಇದಕ್ಕೆ ಜಮೀನು ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಎರಡನೆಯದು ಮುಖ್ಯವಾದದ್ದು. ನಿವೇಶನವಿಲ್ಲದ ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ, ಬೇರೆ ಬೇರೆ ಕಾಗದದಲ್ಲಿ ಬರೆಯಬೇಕು: ‘ನಾನು ಇಷ್ಟು ವರ್ಷದಿಂದ ಈ ಗ್ರಾಮದಲ್ಲಿ ಬಾಡಿಗೆಗೆ ಇದ್ದೇನೆ, ಇಂಥಲ್ಲಿ ದುಡಿಯುತ್ತೇನೆ. ನಿಮ್ಮ ಯೋಜನೆಯಲ್ಲಿ ನನ್ನಂಥವರಿಗೆ ಎಷ್ಟು ನಿವೇಶನ ಇಟ್ಟಿದ್ದೀರಿ, ಎಲ್ಲಿ ಇಟ್ಟಿದ್ದೀರಿ ತಿಳಿಸಿರಿ.’ ಇದು ಆಕ್ಷೇಪಣೆ ಹೌದೋ ಅಲ್ಲವೋ ಎಂಬ ತಲೆಬಿಸಿ ನಿಮಗೆ ಬೇಡ, ಅಧಿಕಾರಿ ತೀರ್ಮಾನಿಸಲಿ. ಹೆದ್ದಾರಿಯ ಬದಿಯ ಬಾಡಿಗೆ ಅಂಗಡಿಕಾರರೂ ಬರೆಯಬೇಕು. ಕಟ್ಟಡ ಹೋದರೆ ಕಟ್ಟಡದ ಧಣಿಗೆ ಹಣ ಬರುತ್ತದೆ, ವ್ಯಾಪಾರ ಕಳೆದುಕೊಂಡವನಿಗೆ? 2013ರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ, ಒತ್ತಾಯದಿಂದ ಎಬ್ಬಿಸಲ್ಪಟ್ಟ ಕಿರುವ್ಯಾಪಾರಿಗೆ ಕಡಿಮೆಯೆಂದರೆ 25,000 ರೂಪಾಯಿ ಎಂದಿದೆ. ಅಲ್ಪ ಮೊತ್ತವೇ ಸರಿ, ಆದರೆ ಅದನ್ನೂ ಕೇಳದವನಿಗೆ ಯಾರು ಮನೆಗೆ ತಂದು ಕೊಡುತ್ತಾರೆ?

ಕಾಗದ ಕೊಟ್ಟಾಗ ಮೊಹರು ಹಾಕಿಸಿದ ಪ್ರತಿಯನ್ನು ಇಸಕೊಳ್ಳದೆ ಹಿಂದಿರುಗಬೇಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ, ನನ್ನ ಅರ್ಜಿಯ ಮೇಲೆ ಏನು ನಿರ್ಣಯವಾಯಿತು ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಲು ಅವರು ಬಾಧ್ಯರು.

ಅಧಿಕಾರಿಗಳಿಂದ ನಾವು ಕೇಳುವುದು ಹೆಚ್ಚೇನೂ ಇಲ್ಲ. ಬೆಳುವಾಯಿಯ ನೆಲಕ್ಕೆ ಸಂಬಂಧಿಸಿದ ಪ್ರಕಟಣೆ ಮಂಗಳೂರಿನ ಪತ್ರಿಕೆಯಲ್ಲಿ ಬಂದ ದಿನವೇ ಕನ್ನಡದಲ್ಲಿ, ನಕ್ಷೆಯ ಸಮೇತ, ಬೆಳುವಾಯಿ ಪಂಚಾಯತಿನ ಹಲಗೆಯ ಮೇಲೆ ಇರಲಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ತುಳುವಿನಲ್ಲಿ ವಿವರಿಸಲಿ. ವಿಚಾರಣೆಯನ್ನು ಕೆಲಸದ ದಿನದ ಹನ್ನೊಂದು ಗಂಟೆಗೆ ಇಡುವ ಪದ್ಧತಿ ಬಿಡಲಿ. ಆ ಹೊತ್ತಿಗೆ ಬರಬೇಕಾದ ಕಾರ್ಖಾನೆಯ ಹೆಂಗಸು ಒಂದು ದಿನದ ಮಜೂರಿಯನ್ನು ಕಳೆದುಕೊಳ್ಳುತ್ತಾಳೆ. ಆದಿತ್ಯವಾರ ಇಡಬಹುದು, ಶಾಲೆಯ ಕೋಣೆ ಖಾಲಿ ಇರುತ್ತದೆ. ಯಾರ ಆಕ್ಷೇಪಣೆಯನ್ನು ಯಾವ ಕಾರಣಕ್ಕೆ ಒಪ್ಪಿದರು, ಯಾವ ಕಾರಣಕ್ಕೆ ತಿರಸ್ಕರಿಸಿದರು ಎಂಬ ಪಟ್ಟಿಯನ್ನೂ ಅದೇ ಹಲಗೆಯ ಮೇಲೆ ಅಂಟಿಸಲಿ.

ಬರೆಯಲು ಬಾರದವರು, ಬರೆದು ಅಭ್ಯಾಸವಿಲ್ಲದವರು ಸಂಜೆ ಆರರ ಮೇಲೆ ನಮ್ಮ ಕಚೇರಿಗೆ ಬರಬಹುದು. ಬರುವಾಗ ರೇಶನ್ ಕಾರ್ಡು ಮತ್ತು ಇದ್ದರೆ ಬಾಡಿಗೆಯ ಚೀಟಿ ತನ್ನಿ. ಕಾಗದ, ಲೇಖನಿ ನಮ್ಮದು.